ಎಲ್ಲ ಗ್ಯಾಪ್‌ಗಳನ್ನೂ ಒಂದೇ ಬಟನ್ ಒತ್ತಿ ತುಂಬಬಹುದೇ?

ಪ್ರಶ್ನೆ: ನಾನು ಕಾರವಾರದವಳು, ಫಿಸಿಯೋಥೆರಪಿ ಸ್ನಾತಕೋತ್ತರ ವಿದ್ಯಾರ್ಥಿನಿ. ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರ ನಡಿಗೆಯನ್ನು ಮೋಷನ್ ಕ್ಯಾಪ್ಚರ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದೇನೆ. ಎಂಟು ಇನ್‌ಫ್ರಾರೆಡ್ ಕ್ಯಾಮೆರಾ, ಸೆಕೆಂಡಿಗೆ 100 ಫ್ರೇಮ್, ಮೈಮೇಲೆ ಅಂಟಿಸುವ 14 ಮಿ.ಮೀ. ಹೊಳೆಯುವ ಗುಂಡುಗಳು, ಅಂದರೆ ಮಾರ್ಕರ್, ಅವುಗಳಿಂದ ಕೀಲುಗಳ ಕೋನ ಲೆಕ್ಕ ಹಾಕಲು ಸೊಂಟಕ್ಕೆ ನಾಲ್ಕು ಮಾರ್ಕರ್ ಹಚ್ಚುವ ಸಾಮಾನ್ಯ ಗೇಟ್ (ನಡಿಗೆ) ಮಾಡೆಲ್. ಎಡಗೈಯಲ್ಲಿ ಬುಟ್ಟಿ ಹಿಡಿದು ನಡೆಯುವಾಗ ಸೊಂಟದ ಮುಂದಿನ ಬಲ ಮೂಳೆತುದಿಯ ಮಾರ್ಕರ್, ಅಂದರೆ ಬಲ ಎಎಸ್‌ಐಎಸ್, ಪ್ರತಿ ಸೈಕಲ್‌ನಲ್ಲೂ (ಒಂದು ಹಿಮ್ಮಡಿ ನೆಲ ಮುಟ್ಟಿದಾಗಿನಿಂದ ಅದೇ ಮತ್ತೆ ಮುಟ್ಟುವವರೆಗೆ) 25ರಿಂದ 38 ಫ್ರೇಮ್ ಕಾಣೆಯಾಗುತ್ತದೆ. ಬಲ ಹಿಮ್ಮಡಿಯ ಮಾರ್ಕರ್ 7ರಿಂದ 12 ಫ್ರೇಮ್ ಹೋಗುತ್ತದೆ. ಒಂದು ಟ್ರಯಲ್‌ನಲ್ಲಿ, ಅಂದರೆ ಒಂದು ಸಲದ ರೆಕಾರ್ಡಿಂಗ್‌ನಲ್ಲಿ, ಎಡ ಮಂಡಿಯ ಮಾರ್ಕರ್ 212ನೇ ಫ್ರೇಮ್‌ನಿಂದ ಕೊನೆಯವರೆಗೂ ಇಲ್ಲ. ಸಾಫ್ಟ್‌ವೇರ್‌ನಲ್ಲಿ ‘ಎಲ್ಲ ಗ್ಯಾಪ್ ತುಂಬು’ ಎಂದು ಒತ್ತಿದರೆ ಗ್ರಾಫ್ ಚೆನ್ನಾಗಿಯೇ ಬರುತ್ತದೆ. ನಂಬಬಹುದೇ?

ಉತ್ತರ: ಗ್ರಾಫ್ ಚೆನ್ನಾಗಿ ಬಂತು ಎಂಬುದು ಇಲ್ಲಿ ಯಾವ ಸಾಕ್ಷಿಯೂ ಅಲ್ಲ. ಆ ಬಟನ್ ಹೆಚ್ಚಾಗಿ ಓಡಿಸುವುದು ಸ್ಪ್ಲೈನ್ ಫಿಲ್ ಅನ್ನು, ಅಂದರೆ ಗ್ಯಾಪ್‌ನ ಎರಡು ಅಂಚುಗಳನ್ನು ಬಾಗಿದ ಗೆರೆಯಿಂದ ಜೋಡಿಸುವುದನ್ನು. ಸ್ಪ್ಲೈನ್ ಸರಿಯಿದ್ದರೂ ನುಣುಪಾದ ಗೆರೆ ಎಳೆಯುತ್ತದೆ, ತಪ್ಪಿದ್ದರೂ ನುಣುಪಾದ ಗೆರೆಯನ್ನೇ ಎಳೆಯುತ್ತದೆ. ನಿಮ್ಮ ಮೂರು ಗ್ಯಾಪ್‌ಗಳು ಮೂರು ಬೇರೆ ಬೇರೆ ಜಾತಿಯವು. ಹಿಮ್ಮಡಿಯದನ್ನು ಬಹುಮಟ್ಟಿಗೆ ತುಂಬಿಕೊಳ್ಳಬಹುದು. ಎಎಸ್‌ಐಎಸ್‌ನದನ್ನು ತುಂಬಬಹುದು, ಆದರೆ ಸ್ಪ್ಲೈನ್‌ನಿಂದ ಖಂಡಿತ ಬೇಡ. ಮಂಡಿಯದನ್ನು ತುಂಬುವ ಮಾತೇ ಇಲ್ಲ.

ತುಂಬುವುದಕ್ಕೆ ಮೊದಲು, ಗ್ಯಾಪ್ ನಿಜವಾಗಿಯೂ ಗ್ಯಾಪೇ ಎಂದು ನೋಡಿ. ಎಷ್ಟೋ ಸಲ ಮಾರ್ಕರ್ ಅಲ್ಲೇ ಇರುತ್ತದೆ, ಲೇಬಲ್ ಮಾತ್ರ ಕಳಚಿರುತ್ತದೆ. ಲೇಬಲ್ ಇಲ್ಲದ ಟ್ರಾಜೆಕ್ಟರಿಗಳನ್ನೆಲ್ಲ (ಚಲನೆಯ ಜಾಡುಗಳನ್ನೆಲ್ಲ) ಪರದೆಯ ಮೇಲೆ ತೋರಿಸಿಕೊಂಡು ಗ್ಯಾಪ್ ಇರುವ ಫ್ರೇಮ್‌ಗೆ ಹೋಗಿ. ಅದೇ ಜಾಗದಲ್ಲಿ ಹೆಸರಿಲ್ಲದ ಚುಕ್ಕಿಯೊಂದು ಓಡುತ್ತಿದ್ದರೆ ಅದಕ್ಕೆ ಲೇಬಲ್ ಕೊಡಿ, ಕೆಲಸ ಮುಗಿಯಿತು. ಇನ್ನೊಂದು ಸಾಧ್ಯತೆ ಅದಲುಬದಲು: ಎಡ ಬಲ ಕಾಲುಗಳು ಒಂದನ್ನೊಂದು ದಾಟುವಾಗ ಎರಡು ಹಿಮ್ಮಡಿಗಳ ಅಥವಾ ಎರಡು ಹರಡುಗಳ (ಪಾದದ ಕೀಲುಗಳ) ಲೇಬಲ್ ಬದಲಾಗಿಬಿಡುತ್ತದೆ. ಮಾರ್ಕರ್‌ನ ವೇಗದ ಗ್ರಾಫ್ ತೆಗೆದರೆ ಒಂದೇ ಫ್ರೇಮ್‌ನಲ್ಲಿ ಮುಳ್ಳಿನಂತೆ ಎದ್ದ ಗೆರೆ ಕಾಣುತ್ತದೆ. ಇದನ್ನು ಸರಿಪಡಿಸದೆ ಫಿಲ್ ಮಾಡಿದರೆ ತಪ್ಪು ಕಾಲಿನ ಡೇಟಾವನ್ನು ಆಧಾರವಾಗಿಟ್ಟುಕೊಂಡು ಸೇತುವೆ ಕಟ್ಟಿದಂತಾಗುತ್ತದೆ.

ಆಮೇಲೆ ಗ್ಯಾಪ್‌ನ ಅಂಚು. ಬಹಳ ಮಂದಿ ಬಿಟ್ಟುಬಿಡುವ ಹಂತ ಇದು. ಮಾರ್ಕರ್ ಒಮ್ಮೆಲೇ ಮಾಯವಾಗುವುದಿಲ್ಲ, ಕೈ ಅಡ್ಡ ಬರುತ್ತ ಬರುತ್ತ ಅರ್ಧ ಮುಚ್ಚಿ ಆಮೇಲೆ ಹೋಗುತ್ತದೆ. 14 ಮಿ.ಮೀ. ಮಾರ್ಕರ್ ಅರ್ಧ ಮುಚ್ಚಿದಾಗ ಕ್ಯಾಮೆರಾಕ್ಕೆ ಕಾಣುವುದು ಅರ್ಧವೃತ್ತ. ಅದರ ಕೇಂದ್ರ ನಿಜವಾದ ಕೇಂದ್ರದಿಂದ ಸುಮಾರು 3 ಮಿ.ಮೀ. ಪಕ್ಕಕ್ಕಿರುತ್ತದೆ. ಈ ಜಾರುವಿಕೆ ಎರಡು ಫ್ರೇಮ್‌ಗಳಲ್ಲಿ ಆಯಿತೆಂದರೆ ಸೆಕೆಂಡಿಗೆ 150 ಮಿ.ಮೀ.ನಷ್ಟು ಸುಳ್ಳು ವೇಗ. ಸ್ಪ್ಲೈನ್ ತನ್ನ ದಿಕ್ಕನ್ನು ಅಂಚಿನ ಇಳಿಜಾರಿನಿಂದಲೇ ಹಿಡಿಯುವುದರಿಂದ ಆ ಸುಳ್ಳು ವೇಗವನ್ನು ಗ್ಯಾಪ್‌ನ ಒಳಕ್ಕೂ ಎಳೆದುಕೊಂಡು ಹೋಗುತ್ತದೆ. ಎರಡು ತುದಿಗಳ ನಡುವೆ ಕ್ಯೂಬಿಕ್ ಗೆರೆ ಎಂದು ಲೆಕ್ಕ ಹಾಕಿದರೆ, ಒಂದು ಅಂಚಿನ ಈ ತಪ್ಪಿನಿಂದಲೇ 12 ಫ್ರೇಮ್ ಗ್ಯಾಪ್‌ನಲ್ಲಿ ಹೆಚ್ಚೂ ಕಡಿಮೆ 3 ಮಿ.ಮೀ., 38 ಫ್ರೇಮ್ ಗ್ಯಾಪ್‌ನಲ್ಲಿ 8 ಮಿ.ಮೀ. ಉಬ್ಬು ಬರುತ್ತದೆ. ಹಾಗಾಗಿ ಗ್ಯಾಪ್‌ನ ಎರಡೂ ಕಡೆ ಎರಡು ಮೂರು ಫ್ರೇಮ್ ಒಳ್ಳೆಯ ಡೇಟಾವೇ ಇದ್ದಂತೆ ಕಂಡರೂ ಝೂಮ್ ಮಾಡಿ ನೋಡಿ, ಕೊಕ್ಕೆಯಂತೆ ಬಾಗಿದ್ದರೆ ಕತ್ತರಿಸಿ ಹಾಕಿ. ಗ್ಯಾಪ್ ಕೊಂಚ ದೊಡ್ಡದಾಗುತ್ತದೆ, ಆಗಲಿ.

ಈಗ ಹಿಮ್ಮಡಿ. ‘10 ಫ್ರೇಮ್‌ವರೆಗೆ ಸ್ಪ್ಲೈನ್ ಸಾಕು’ ಎಂಬ ಮಾತನ್ನು ನೀವು ಕೇಳಿರುತ್ತೀರಿ. ಅದನ್ನು ಫ್ರೇಮ್‌ನಲ್ಲಿ ಹೇಳುವುದಕ್ಕಿಂತ ಮಿಲಿಸೆಕೆಂಡಿನಲ್ಲಿ ಹೇಳುವುದು ಸರಿ, ಏಕೆಂದರೆ 200 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 200 ಫ್ರೇಮ್) ಅದೇ 10 ಫ್ರೇಮ್ ಅರ್ಧ ಹೊತ್ತು. ಸಾಮಾನ್ಯ ನಡಿಗೆಯ ಮಾರ್ಕರ್ ಚಲನೆಯಲ್ಲಿ ಕೆಲಸಕ್ಕೆ ಬರುವ ಮಾಹಿತಿ ಬಹುತೇಕ 6 ಹರ್ಟ್ಸ್ ಒಳಗೆ ಇರುತ್ತದೆ. 6 ಹರ್ಟ್ಸ್‌ನ ಒಂದು ಅಲೆಗೆ 167 ಮಿಲಿಸೆಕೆಂಡ್, ಅರ್ಧ ಅಲೆಗೆ 83. ಗ್ಯಾಪ್ ಅರ್ಧ ಅಲೆಯ ಆಸುಪಾಸಿನಲ್ಲಿದ್ದರೆ ಅದರೊಳಗೆ ಒಂದು ಇಡೀ ಏರಿಳಿತ ಅಡಗಿ ಕೂತಿರುವ ಸಂಭವ ಕಡಿಮೆ. 10 ಫ್ರೇಮ್ ನಿಯಮದ ಹಿಂದಿನ ತರ್ಕ ಇಷ್ಟೇ. ಆದರೆ ಹಿಮ್ಮಡಿ ನೆಲ ಮುಟ್ಟುವ ಕ್ಷಣ ಈ 6 ಹರ್ಟ್ಸ್ ಲೆಕ್ಕಕ್ಕೆ ಸಿಕ್ಕುವುದಿಲ್ಲ, ಅಲ್ಲಿ ವೇಗ ಥಟ್ಟನೆ ಬದಲಾಗುತ್ತದೆ. ಆದ್ದರಿಂದ ಗ್ಯಾಪ್ ಎಷ್ಟು ಉದ್ದ ಎನ್ನುವುದಕ್ಕಿಂತ ಎಲ್ಲಿ ಬಿದ್ದಿದೆ ಎನ್ನುವುದು ಮುಖ್ಯ. ಸ್ವಿಂಗ್‌ನ (ಕಾಲು ಗಾಳಿಯಲ್ಲಿರುವ ಹಂತದ) ನಡುವೆ ಬಿದ್ದ 12 ಫ್ರೇಮ್‌ಗಿಂತ ಹೀಲ್ ಸ್ಟ್ರೈಕ್ (ಹಿಮ್ಮಡಿ ನೆಲ ಮುಟ್ಟುವ ಕ್ಷಣ) ಮೇಲೆ ಬಿದ್ದ 6 ಫ್ರೇಮ್ ಅಪಾಯ.

ಪರೀಕ್ಷೆ ಸುಲಭ. ಸ್ಟ್ಯಾಟಿಕ್ ಟ್ರಯಲ್‌ನಲ್ಲಿ, ಅಂದರೆ ಅಲುಗಾಡದೆ ನಿಂತಾಗಿನ ರೆಕಾರ್ಡಿಂಗ್‌ನಲ್ಲಿ, ಹಿಮ್ಮಡಿ ಮಾರ್ಕರ್‌ನ ಎತ್ತರ ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳಿ. ತುಂಬಿದ ಗೆರೆ ಅದಕ್ಕಿಂತ ಐದಾರು ಮಿಲಿಮೀಟರ್ ಕೆಳಗೆ ಹೋಗಿದ್ದರೆ ಹಿಮ್ಮಡಿ ನೆಲದೊಳಕ್ಕೆ ಇಳಿದಿದೆ ಎಂದರ್ಥ, ಆ ಫಿಲ್ ತೆಗೆದುಹಾಕಿ. ಹೆಜ್ಜೆಯ ಸಮಯವನ್ನು ಹಿಮ್ಮಡಿ ಮಾರ್ಕರ್‌ನಿಂದಲೇ ಗುರುತಿಸುತ್ತಿದ್ದರೆ, ಅದರಲ್ಲೂ ಹಿಮ್ಮಡಿ ಸೊಂಟದಿಂದ ಅತಿ ಮುಂದೆ ಹೋದ ಕ್ಷಣವನ್ನು ಹುಡುಕುವ ವಿಧಾನದಲ್ಲಿ, ಆ ಕ್ಷಣ ಗ್ಯಾಪ್‌ನೊಳಗೆ ಬಿದ್ದ ಸೈಕಲ್‌ಗಳ ಸಮಯವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಫೋರ್ಸ್ ಪ್ಲೇಟ್ (ಕಾಲಿನ ಒತ್ತಡ ಅಳೆಯುವ ನೆಲದ ಹಲಗೆ) ಇದ್ದರೆ ಅದರಿಂದ ತೆಗೆದುಕೊಳ್ಳಿ.

11, 12 ಫ್ರೇಮ್‌ನವಕ್ಕೆ ಪ್ಯಾಟರ್ನ್ ಫಿಲ್ ಒಳ್ಳೆಯದು: ಪಕ್ಕದ ಮಾರ್ಕರ್ ಹೇಗೆ ಚಲಿಸಿತೋ ಅದೇ ಆಕಾರವನ್ನು ಎರವಲು ಪಡೆಯುವುದು. ಎರವಲು ಯಾರಿಂದ ಎಂಬುದರಲ್ಲಿ ಎಚ್ಚರ ಬೇಕು. ಕಾಲ್ಬೆರಳಿನ ಮಾರ್ಕರ್ ಅದೇ ಪಾದದ್ದೇ ಆದರೂ, ಹಿಮ್ಮಡಿ ಏಳುವಾಗ ಅದು ನೆಲದ ಮೇಲೇ ಕೂತಿರುತ್ತದೆ. ಅದರಿಂದ ಆಕಾರ ಕೇಳಿದರೆ ಹಿಮ್ಮಡಿಯೂ ಏಳುವುದಿಲ್ಲ. ಹರಡಿನ ಮಾರ್ಕರ್ ಹಿಮ್ಮಡಿಯ ಹತ್ತಿರವೇ ಇದೆ, ಅದನ್ನೇ ಆರಿಸಿ. ಇನ್ನು ಮುಂದೆ ರೆಕಾರ್ಡ್ ಮಾಡುವವರಿಗೆ ಕಿರುಬೆರಳಿನ ಬುಡದಲ್ಲಿ ಒಂದು ಹೆಚ್ಚುವರಿ ಮಾರ್ಕರ್ ಹಚ್ಚಿಬಿಡಿ. ಆಗ ಪಾದದಲ್ಲಿ ನಾಲ್ಕು ಆಗುತ್ತವೆ, ಒಂದು ಹೋದರೆ ಉಳಿದ ಮೂರರಿಂದ ಲೆಕ್ಕ ಹಾಕಬಹುದು.

ನಿಮ್ಮ ನಿಜವಾದ ತಲೆನೋವು ಎಎಸ್‌ಐಎಸ್. ಇಲ್ಲಿ ಗ್ಯಾಪ್ ಎಲ್ಲೆಂದರಲ್ಲಿ ಬರುತ್ತಿಲ್ಲ ಎಂಬುದನ್ನು ಗಮನಿಸಿ. ಎಡಗೈ ಬುಟ್ಟಿಯ ಮೇಲಿದೆ, ಬೀಸುವುದು ಬಲಗೈ ಒಂದೇ. ಬಲಗೈ ಮುಂದೆ ಬರುವುದು ಎಡಗಾಲು ಮುಂದೆ ಹೋಗುವಾಗ. ಆಗ ಬಲಗಾಲು ಸ್ಟಾನ್ಸ್‌ನ (ಪಾದ ನೆಲದ ಮೇಲಿರುವ ಹಂತದ) ಕೊನೆಯಲ್ಲಿರುತ್ತದೆ, ಬಲ ಹಿಪ್ (ತೊಡೆಯ ಬುಡದ ಕೀಲು) ಅತಿ ಹೆಚ್ಚು ಹಿಂದಕ್ಕೆ ಚಾಚುವ ಹೊತ್ತು ಅದೇ. ಅಂದರೆ ನಿಮ್ಮ ಮಾರ್ಕರ್ ಪ್ರತಿ ಸಲವೂ ಹಿಪ್ ಎಕ್ಸ್‌ಟೆನ್ಷನ್‌ನ ತುದಿಯಲ್ಲೇ ಕಾಣೆಯಾಗುತ್ತದೆ, ಅದೂ ಬಲಗಡೆ ಮಾತ್ರ. ಐದು ಟ್ರಯಲ್ ಸರಾಸರಿ ತೆಗೆದರೆ ತಪ್ಪು ಕರಗುತ್ತದೆ ಎಂಬ ಸಮಾಧಾನ ಇಲ್ಲಿ ನಡೆಯದು. ಐದರಲ್ಲೂ ತಪ್ಪು ಒಂದೇ ಕಡೆಗೆ ವಾಲಿದ್ದರೆ ಸರಾಸರಿಯೂ ಅದೇ ಕಡೆಗೆ ವಾಲುತ್ತದೆ. ನೀವು ‘ಬುಟ್ಟಿ ಹೊತ್ತಾಗ ಬಲ ಹಿಪ್ ಕಡಿಮೆ ಚಾಚುತ್ತದೆ’ ಎಂದು ಬರೆದೀರಿ, ಕಾರಣ ಬುಟ್ಟಿಯಲ್ಲ, ಸ್ಪ್ಲೈನ್ ಆಗಿರುತ್ತದೆ.

ಸೈಕಲ್‌ಗೆ ಸುಮಾರು ಒಂದು ಸೆಕೆಂಡ್ ಎಂದರೆ 38 ಫ್ರೇಮ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಸೊಂಟ ಒಂದು ಸೈಕಲ್‌ನಲ್ಲಿ ಎರಡು ಸಲ ಏರಿ ಇಳಿಯುತ್ತದೆ. ಆ ಏರಿಳಿತದ ಮುಕ್ಕಾಲು ಭಾಗ ಗ್ಯಾಪ್‌ನೊಳಗೆ ನುಂಗಿಹೋಗಿದೆ. ಇದನ್ನು ಎರಡು ತುದಿ ನೋಡಿ ಊಹಿಸುವುದು ಆಗದ ಮಾತು. ಬೇರೆ ಸೈಕಲ್‌ಗಳಿಂದ ಎರವಲು ಪಡೆಯುವ ಸೈಕ್ಲಿಕ್ ಫಿಲ್ ಕೂಡ ನಿಮಗೆ ಒದಗುವುದಿಲ್ಲ, ಏಕೆಂದರೆ ಉಳಿದ ಸೈಕಲ್‌ಗಳಲ್ಲೂ ಅದೇ ಜಾಗ ಖಾಲಿ. ಮಾರ್ಕರ್‌ಗಳ ಪರಸ್ಪರ ಸಂಬಂಧ ಕಲಿತು ತುಂಬುವ ಪಿಸಿಎ (ಪ್ರಿನ್ಸಿಪಲ್ ಕಾಂಪೊನೆಂಟ್ ಅನಾಲಿಸಿಸ್) ವಿಧಾನ ಇದೆ. ಗ್ಲೋಯರ್ಸನ್ ಮತ್ತು ಫೆಡರಾಲ್ಫ್ 2016ರಲ್ಲಿ ಪ್ರಕಟಿಸಿದ್ದು ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಅದೂ ಕಲಿಯುವುದು ಪೂರ್ತಿ ಡೇಟಾ ಇರುವ ಫ್ರೇಮ್‌ಗಳಿಂದ. ಆ ಹಂತದಲ್ಲಿ ಬಲ ಎಎಸ್‌ಐಎಸ್ ಎಲ್ಲಿರುತ್ತದೆ ಎಂದು ಒಮ್ಮೆಯೂ ನೋಡದ ವಿಧಾನ ಅಲ್ಲಿ ಊಹೆಯನ್ನೇ ಮಾಡಬೇಕು. ಆರೋಗ್ಯವಂತರ ದೊಡ್ಡ ಡೇಟಾಬೇಸ್‌ನಿಂದ ಕಲಿತ ಮಾದರಿಗಳನ್ನಂತೂ ಕುಂಟುವವರ, ಭಾರ ಹೊತ್ತವರ ನಡಿಗೆಗೆ ಕಣ್ಣುಮುಚ್ಚಿ ಹಾಕಬೇಡಿ. ಅವು ವಿಚಿತ್ರವಾದದ್ದನ್ನು ಸಾಮಾನ್ಯದ ಕಡೆಗೆ ತಳ್ಳುತ್ತವೆ, ನೀವು ಹುಡುಕುತ್ತಿರುವುದೇ ಆ ವಿಚಿತ್ರ.

ಉಳಿಯುವುದು ರಿಜಿಡ್ ಬಾಡಿ ಫಿಲ್. ಸೊಂಟ ಮೂಳೆಯ ಒಂದೇ ತುಂಡು ಎಂದು ಹಿಡಿದು, ಎಡ ಎಎಸ್‌ಐಎಸ್ ಮತ್ತು ಸೊಂಟದ ಹಿಂದಿನ ಎರಡು ಮೂಳೆತುದಿಗಳ ಮಾರ್ಕರ್, ಅಂದರೆ ಪಿಎಸ್‌ಐಎಸ್, ಎಲ್ಲಿವೆ ಎಂಬುದರಿಂದ ನಾಲ್ಕನೆಯದನ್ನು ಲೆಕ್ಕ ಹಾಕುವುದು. ನಾಲ್ಕರ ನಡುವಿನ ಅಳತೆಯನ್ನು ಸ್ಟ್ಯಾಟಿಕ್‌ನಿಂದ, ಅಥವಾ ಅದೇ ಟ್ರಯಲ್‌ನಲ್ಲಿ ನಾಲ್ಕೂ ಕಾಣುವ ಫ್ರೇಮ್‌ಗಳಿಂದ ತೆಗೆದುಕೊಳ್ಳುತ್ತದೆ. ಎರಡನೆಯದೇ ಮೇಲು, ನಿಂತಾಗಿನ ಹೊಟ್ಟೆ, ಚರ್ಮಕ್ಕೂ ನಡೆಯುವಾಗಿನದಕ್ಕೂ ವ್ಯತ್ಯಾಸ ಇರುತ್ತದೆ. ಸ್ಪ್ಲೈನ್‌ಗೆ ಹೋಲಿಸಿದರೆ ಇದು ಎಷ್ಟೋ ವಾಸಿ, ಗ್ಯಾಪ್ ಎಷ್ಟೇ ಉದ್ದ ಇದ್ದರೂ ತಪ್ಪು ಬೆಳೆಯುತ್ತ ಹೋಗುವುದಿಲ್ಲ.

ಆದರೂ ಒಂದು ಲೆಕ್ಕ ಮಾಡಿ ನೋಡಿ. ಎರಡು ಎಎಸ್‌ಐಎಸ್ ನಡುವೆ 240 ಮಿ.ಮೀ., ಎರಡು ಪಿಎಸ್‌ಐಎಸ್ ನಡುವೆ 90, ಮುಂದಿನಿಂದ ಹಿಂದಕ್ಕೆ 160 ಎಂದಿಟ್ಟುಕೊಳ್ಳಿ. ಎಡ ಎಎಸ್‌ಐಎಸ್‌ನಿಂದ ಎಡ ಪಿಎಸ್‌ಐಎಸ್‌ಗೆ ಗೆರೆ ಎಳೆದರೆ, ಬಲ ಪಿಎಸ್‌ಐಎಸ್ ಆ ಗೆರೆಯಿಂದ ಸುಮಾರು 81 ಮಿ.ಮೀ. ದೂರ, ಬಲ ಎಎಸ್‌ಐಎಸ್ 217 ಮಿ.ಮೀ. ದೂರ. ಬಲ ಪಿಎಸ್‌ಐಎಸ್ ಮಾರ್ಕರ್ ಚರ್ಮದ ಮೇಲೆ 2 ಮಿ.ಮೀ. ಮೇಲೆ ಕೆಳಗೆ ಜಾರಿದರೂ ಲೆಕ್ಕದ ಬಲ ಎಎಸ್‌ಐಎಸ್ 5 ಮಿ.ಮೀ.ಗೂ ಹೆಚ್ಚು ಜಾರುತ್ತದೆ. ಅಷ್ಟಕ್ಕೇ ಸೊಂಟದ ಓರೆ 1.3 ಡಿಗ್ರಿಯಷ್ಟು ತಪ್ಪಾಗಿ ಬರುತ್ತದೆ. ಹಿಪ್ ಜಾಯಿಂಟ್ ಕೇಂದ್ರವನ್ನು ಮಾಡೆಲ್ ಕಂಡುಹಿಡಿಯುವುದು ಈ ಸೊಂಟದ ಮಾರ್ಕರ್‌ಗಳಿಂದಲೇ ಆದ್ದರಿಂದ ಆ ತಪ್ಪು ತೊಡೆಗೂ ಮಂಡಿಗೂ ಇಳಿಯುತ್ತದೆ.

ಹಾಗಾಗಿ ಇನ್ನು ರೆಕಾರ್ಡ್ ಮಾಡಬೇಕಾದವರಿಗೆ ಎರಡೂ ಕಡೆ ಸೊಂಟದ ಮೂಳೆಯ ಮೇಲಂಚಿನಲ್ಲಿ, ಪಕ್ಕೆಯ ಕಡೆಗೆ, ಒಂದೊಂದು ಮಾರ್ಕರ್ ಸೇರಿಸಿ. ಮಾಡೆಲ್‌ಗೆ ಅವು ಬೇಡ, ಫಿಲ್‌ಗೆ ಮಾತ್ರ ಬೇಕು. ಕೈ ಎಎಸ್‌ಐಎಸ್ ಮುಚ್ಚಿದಾಗ ಪಕ್ಕೆಯದು ಹಿಂದಿನ ಕ್ಯಾಮೆರಾಗಳಿಗೆ ಕಾಣುತ್ತಿರುತ್ತದೆ, ಆಧಾರ ಬಲಗಡೆಗೂ ಹರಡುತ್ತದೆ, ಮೇಲಿನ ಲೆಕ್ಕದ ಪಟ್ಟು ಕುಗ್ಗುತ್ತದೆ. ಕ್ಯಾಮೆರಾಗಳೆಲ್ಲ ಗೋಡೆಯ ಮೇಲೆಯೇ ಇದ್ದರೆ ಬಲ ಮುಂಭಾಗದ ಎರಡನ್ನು ಟ್ರೈಪಾಡ್ ಮೇಲೆ ಮೊಣಕಾಲೆತ್ತರಕ್ಕೆ ಇಳಿಸಿ ಕ್ಯಾಲಿಬ್ರೇಷನ್ ಮತ್ತೆ ಮಾಡಿ. ಮೇಲಿನಿಂದ ನೋಡಿದರೆ ಮುಂಗೈ ಮುಚ್ಚುವ ಮಾರ್ಕರ್ ಕೆಳಗಿನಿಂದ ಕೈಯಡಿಯಲ್ಲಿ ಕಾಣುತ್ತದೆ. ಒಂದು ಮಾರ್ಕರ್‌ನ ಜಾಗ ಸಿಗಬೇಕಾದರೆ ಕನಿಷ್ಠ ಎರಡು ಕ್ಯಾಮೆರಾ ನೋಡಬೇಕು, ಆದ್ದರಿಂದ ಒಂದನ್ನೇ ಇಳಿಸಿ ಪ್ರಯೋಜನ ಕಡಿಮೆ. ಬಲಗೈ ಕಟ್ಟಿಕೊಂಡು ನಡೆಯಿರಿ ಎಂದು ಹೇಳುವುದು ಸುಲಭದ ದಾರಿ, ಆದರೆ ಕೈ ಬೀಸದ ನಡಿಗೆಯಲ್ಲಿ ಸೊಂಟದ ತಿರುವು ಬೇರೆ. ಮುಖ್ಯ ಟ್ರಯಲ್‌ಗಳಿಗೆ ಅದು ಬೇಡ.

ಈಗಾಗಲೇ ಆದ ರೆಕಾರ್ಡಿಂಗ್‌ಗಳ ಗತಿ ಏನು? ಅವನ್ನು ರಿಜಿಡ್ ಬಾಡಿಯಿಂದ ತುಂಬಿ, ಆ ಫಿಲ್ ಎಷ್ಟು ತಪ್ಪುತ್ತದೆ ಎಂದು ನಿಮ್ಮದೇ ಡೇಟಾದಲ್ಲಿ ಅಳೆಯಿರಿ. ಅದೇ ಹೆಂಗಸರಲ್ಲಿ ಒಂದಿಬ್ಬರನ್ನು ಕರೆಸಿ ಬುಟ್ಟಿಯನ್ನು ಬಲಗೈಯಲ್ಲಿ ಹಿಡಿದು ನಡೆಯಲು ಹೇಳಿ. ಆಗ ಬಲ ಎಎಸ್‌ಐಎಸ್ ಪೂರ್ತಿ ಕಾಣುತ್ತದೆ, ಹೊರೆಯೂ ಅಷ್ಟೇ ಇರುತ್ತದೆ. ಆ ಟ್ರಯಲ್‌ಗಳಲ್ಲಿ ಪ್ರತಿಯೊಂದರಲ್ಲೂ ಬಲ ಎಎಸ್‌ಐಎಸ್ ಅನ್ನು ನಿಮ್ಮ ಗ್ಯಾಪ್ ಬೀಳುವ ಹಂತದಲ್ಲೇ, ನಿಮ್ಮ ಗ್ಯಾಪ್‌ನಷ್ಟೇ ಉದ್ದ, ಅಂದರೆ 25, 30, 38 ಫ್ರೇಮ್ ಬೇಕೆಂದೇ ಅಳಿಸಿ. ಸ್ಪ್ಲೈನ್‌ನಿಂದ ಒಮ್ಮೆ, ರಿಜಿಡ್ ಬಾಡಿಯಿಂದ ಒಮ್ಮೆ ತುಂಬಿ, ಅಳಿಸುವ ಮೊದಲಿನ ನಿಜವಾದ ಗೆರೆಯೊಂದಿಗೆ ಹೋಲಿಸಿ. ಒಂದೆರಡು ಕಡೆ ಅಳಿಸಿದರೆ ಸಾಲದು, ಹತ್ತು ಹದಿನೈದು ಸೈಕಲ್ ಬೇಕು. ಸರಾಸರಿ ತಪ್ಪಿನ ಜೊತೆ ಅತಿ ದೊಡ್ಡ ತಪ್ಪನ್ನೂ, ತಪ್ಪು ಒಂದೇ ದಿಕ್ಕಿಗೆ ವಾಲುತ್ತದೆಯೇ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಮಿಲಿಮೀಟರ್‌ನಲ್ಲಿ ನಿಲ್ಲಬೇಡಿ, ಎರಡೂ ಫೈಲ್‌ಗಳನ್ನು ಮಾಡೆಲ್‌ಗೆ ಕೊಟ್ಟು ಡಿಗ್ರಿಯಲ್ಲಿ ನೋಡಿ. ಅದೇ 10 ಮಿ.ಮೀ. ತಪ್ಪು 350 ಮಿ.ಮೀ. ಉದ್ದದ ಮೊಣಕಾಲು–ಹರಡಿನ ನಡುವೆ 1.6 ಡಿಗ್ರಿ, 180 ಮಿ.ಮೀ.ನ ಹಿಮ್ಮಡಿ–ಬೆರಳಿನ ನಡುವೆ 3.2 ಡಿಗ್ರಿ. ಮಾರ್ಕರ್‌ಗಳು ಹತ್ತಿರ ಹತ್ತಿರ ಇದ್ದಷ್ಟೂ ಕೋನ ಹಾಳು. ಗೇಟ್ ಅಳತೆಗಳ ವಿಶ್ವಾಸಾರ್ಹತೆಯ ಬಗ್ಗೆ ಮೆಕ್‌ಗಿನ್ಲಿ ಮತ್ತಿತರರು 2009ರಲ್ಲಿ ಮಾಡಿದ ವಿಮರ್ಶೆಯ ಪ್ರಕಾರ 2ರಿಂದ 5 ಡಿಗ್ರಿ ತಪ್ಪು ಒಪ್ಪಬಹುದಾದರೂ ಅರ್ಥೈಸುವಾಗ ಗಮನದಲ್ಲಿಡಬೇಕು. ಇಡೀ ಅಳತೆಗೇ ಇರುವ ಅವಕಾಶ ಅಷ್ಟು. ಅದರಲ್ಲಿ ಗ್ಯಾಪ್ ಫಿಲ್ ಒಂದೇ 1 ಡಿಗ್ರಿಗಿಂತ ಹೆಚ್ಚು ತಿನ್ನಬಾರದು ಎಂಬುದು ಇಲ್ಲಿ ಕೊಡಬಹುದಾದ ಸಲಹೆ. ಹಿಪ್ ಎಕ್ಸ್‌ಟೆನ್ಷನ್ 1 ಡಿಗ್ರಿಯೊಳಗೆ ಬಂದು ಸೊಂಟದ ಓರೆ 2 ಡಿಗ್ರಿ ತಪ್ಪಿದರೆ ಹಿಪ್‌ನದನ್ನು ವರದಿ ಮಾಡಿ, ಓರೆಯನ್ನು ಬಿಡಿ. ಒಂದು ಟ್ರಯಲ್ ಪೂರ್ತಿ ಒಳ್ಳೆಯದು ಅಥವಾ ಪೂರ್ತಿ ಕೆಟ್ಟದ್ದು ಆಗಿರಬೇಕಿಲ್ಲ.

ಫೈಲ್‌ನೊಳಗಿನ ಒಂದು ಬಲೆ. ಮೋಷನ್ ಕ್ಯಾಪ್ಚರ್ ಡೇಟಾ ಉಳಿಸುವ ಸಿ3ಡಿ ಫೈಲ್‌ನಲ್ಲಿ ಮಾರ್ಕರ್ ಇಲ್ಲದ ಫ್ರೇಮ್‌ಗೆ ರೆಸಿಡ್ಯುಯಲ್ (ಸ್ಥಾನದ ಅಳತೆಯ ತಪ್ಪು ತೋರಿಸುವ ಅಂಕಿ) −1 ಎಂದಿರುತ್ತದೆ, ಸ್ಥಾನ ಸಾಮಾನ್ಯವಾಗಿ 0, 0, 0. ಪೈಥಾನ್‌ನಲ್ಲೋ ಎಕ್ಸೆಲ್‌ನಲ್ಲೋ ತೆರೆದು ನೇರ ಫಿಲ್ಟರ್ ಹಾಕಿದರೆ ಮಾರ್ಕರ್ ಲ್ಯಾಬಿನ ಮೂಲಬಿಂದುವಿಗೆ ಹಾರಿ ವಾಪಸ್ ಬಂದಂತೆ ಲೆಕ್ಕವಾಗಿ ಅಕ್ಕಪಕ್ಕದ ಒಳ್ಳೆಯ ಫ್ರೇಮ್‌ಗಳೂ ಕೆಡುತ್ತವೆ. ಲೇಬಲ್, ಅಂಚು ಕತ್ತರಿಸುವುದು, ಫಿಲ್, ಆಮೇಲೆ 6 ಹರ್ಟ್ಸ್ ಬಟರ್‌ವರ್ತ್ ಫಿಲ್ಟರ್, ಆಮೇಲೆ ಮಾಡೆಲ್: ಕ್ರಮ ಇದು, ತಿರುಗಿಸಬೇಡಿ. ಓಪನ್‌ಸಿಮ್ ಎಂಬ ಸಾಫ್ಟ್‌ವೇರ್‌ನಲ್ಲಿ ಇನ್‌ವರ್ಸ್ ಕೈನೆಮ್ಯಾಟಿಕ್ಸ್ (ಮಾರ್ಕರ್‌ಗಳಿಗೆ ಅಸ್ಥಿಪಂಜರದ ಮಾದರಿಯನ್ನು ಹೊಂದಿಸಿ ಕೋನ ತೆಗೆಯುವುದು) ಮಾಡುವವರು ಇಲ್ಲದ ಮಾರ್ಕರ್ ಅನ್ನು ಹಾಗೆಯೇ ಬಿಟ್ಟರೂ ಅದು ಉಳಿದವುಗಳಿಂದ ಲೆಕ್ಕ ಹಾಕುತ್ತದೆ. ಆದರೆ ಮಾರ್ಕರ್ ಹೋಗುವ, ಬರುವ ಫ್ರೇಮ್‌ಗಳಲ್ಲಿ ಕೋನ ಮೆಟ್ಟಿಲಿನಂತೆ ಜಿಗಿಯಬಹುದು, ಅಲ್ಲಿ ಕಣ್ಣಿಡಿ.

ಕರಾವಳಿಯಲ್ಲಿ ಅರ್ಧ ಗ್ಯಾಪ್ ಕ್ಯಾಮೆರಾದಿಂದಲ್ಲ, ಬೆವರಿನಿಂದ. ತೆಂಗಿನೆಣ್ಣೆ ಹಚ್ಚಿಕೊಂಡ ಚರ್ಮದ ಮೇಲೆ ಯಾವ ಡಬಲ್ ಟೇಪೂ ನಿಲ್ಲುವುದಿಲ್ಲ. ಸ್ಪಿರಿಟ್ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಚ್ಚಿ. ಎಸಿ ಇದ್ದರೆ ಅವರು ಬರುವ ಮೊದಲೇ ಹಾಕಿಡಿ, ಬಿಸಿಲಲ್ಲಿ ನಡೆದು ಬಂದವರನ್ನು ಸ್ವಲ್ಪ ಹೊತ್ತು ಕೂರಿಸಿ. ಸೊಂಟದ ಮಾರ್ಕರ್ ಸೀರೆಯ ಮೇಲೆ ಹಚ್ಚುವುದಾದರೆ ಬೇಡವೇ ಬೇಡ. ಬಟ್ಟೆಯ ಚಲನೆ ಸೊಂಟದ ಚಲನೆಯಲ್ಲ. ಮೊಣಕಾಲ ಮೇಲಿನ ಬಿಗಿಯಾದ ಚಡ್ಡಿ, ಅದಕ್ಕೆ ಎಎಸ್‌ಐಎಸ್ ಜಾಗದಲ್ಲಿ ಕತ್ತರಿಸಿದ ತೂತು, ಮಹಿಳಾ ಸಹಾಯಕಿ, ಪರದೆ ಎಲ್ಲವನ್ನೂ ಮೊದಲೇ ಸಿದ್ಧ ಮಾಡಿ ವಿವರಿಸಿದರೆ ಹೆಚ್ಚಿನವರು ಒಪ್ಪುತ್ತಾರೆ. ಕಾಲುಂಗುರ ತೆಗೆಯಿರೆಂದು ಕೇಳಬೇಡಿ, ಮೇಲೆ ಪೇಪರ್ ಟೇಪ್ ಸುತ್ತಿ. ಬೆಳ್ಳಿಯ ಹೊಳಪು ಸುಳ್ಳು ಮಾರ್ಕರ್ ಆಗಿ ಬೆರಳಿನ ಮಾರ್ಕರ್‌ನೊಂದಿಗೆ ಬೆರೆಯುತ್ತದೆ. ಬುಟ್ಟಿಯ ಬದಲು ಅಲ್ಯೂಮಿನಿಯಂ ಪಾತ್ರೆ ಹೊತ್ತವರಿದ್ದರೆ ಅದಕ್ಕೂ ಮಂಕು ಬಟ್ಟೆ ಹೊದಿಸಿ. ಪಡುವಣ ಕಿಟಕಿ ಇರುವ ಹಾಲ್ ಆದರೆ ಇಳಿಬಿಸಿಲು ನೇರ ಕ್ಯಾಮೆರಾಕ್ಕೆ ಬೀಳುವ ಮೊದಲು ಕೆಲಸ ಮುಗಿಸಿ, ಅಥವಾ ದಪ್ಪ ಪರದೆ ಹಾಕಿ. ಬಿಸಿಲಿನಲ್ಲೂ ಇನ್‌ಫ್ರಾರೆಡ್ ಇದೆ.

ಎಡ ಮಂಡಿಯದು ಬಹುಶಃ ಹೀಗೆ ಕಳಚಿ ಬಿದ್ದದ್ದೇ. ಆ ಗ್ಯಾಪ್‌ಗೆ ಒಂದೇ ದಡ ಇರುವುದರಿಂದ ಸ್ಪ್ಲೈನ್ ಊಹೆ ದಿಕ್ಕು ತಪ್ಪುತ್ತದೆ. ನಿಮ್ಮ ಮಾಡೆಲ್‌ನಲ್ಲಿ ತೊಡೆಗೆ ಇನ್ನೊಂದೇ ಮಾರ್ಕರ್ ಇರುವುದರಿಂದ ರಿಜಿಡ್ ಬಾಡಿಗೂ ಆಧಾರವಿಲ್ಲ. 212ನೇ ಫ್ರೇಮ್‌ಗೆ ಮೊದಲು ಪೂರ್ತಿ ಸೈಕಲ್ ಇದ್ದರೆ ಅದನ್ನು ಇಟ್ಟುಕೊಳ್ಳಿ. ಬೀಳುವ ಮುನ್ನ ಅದು ಸಡಿಲವಾಗಿ ಅಲುಗಾಡಿರಬಹುದು, ಆದ್ದರಿಂದ ಕೊನೆಯ ಸೈಕಲ್‌ನಲ್ಲಿ ಮಂಡಿ–ತೊಡೆ ಮಾರ್ಕರ್‌ಗಳ ನಡುವಿನ ದೂರವನ್ನು ಮೊದಲಿನ ಸೈಕಲ್‌ಗಳ ಜೊತೆ ಹೋಲಿಸಿ. ಅದೇ ದಿನ ಮಾರ್ಕರ್ ಮತ್ತೆ ಅಂಟಿಸಿ ಮುಂದಿನ ಟ್ರಯಲ್ ತೆಗೆದಿದ್ದರೆ, ಅಂಟಿಸಿದ ಮೇಲೆ ಹೊಸ ಸ್ಟ್ಯಾಟಿಕ್ ತೆಗೆದಿದ್ದೀರಾ ಎಂದು ನೋಡಿ. ತೆಗೆದಿಲ್ಲವಾದರೆ ಆ ನಂತರದ ಟ್ರಯಲ್‌ಗಳ ಎಡ ಮಂಡಿಯ ಕೋನಗಳನ್ನು ಹಳೆಯ ಸ್ಟ್ಯಾಟಿಕ್‌ನಿಂದ ಲೆಕ್ಕ ಹಾಕಿದ ಮೊದಲಿನವುಗಳ ಜೊತೆ ಸೇರಿಸಬೇಡಿ. ಇನ್ನು ಮುಂದೆ ಪ್ರತಿ ಮಾರ್ಕರ್ ಸುತ್ತ ಸ್ಕಿನ್ ಪೆನ್ನಿನಿಂದ ಒಂದು ವೃತ್ತ ಎಳೆದಿಡಿ, ಬಿದ್ದರೆ ಜಾಗ ಹುಡುಕುವುದು ಸುಲಭ. ಆದರೂ ಸ್ಟ್ಯಾಟಿಕ್ ತಪ್ಪಿಸುವಂತಿಲ್ಲ.

ಪ್ರಬಂಧದಲ್ಲಿ ಒಂದು ಕೋಷ್ಟಕ ಕೊಡಿ: ಪ್ರತಿ ಮಾರ್ಕರ್‌ಗೆ ಎಷ್ಟು ಗ್ಯಾಪ್, ಅತಿ ಉದ್ದದ್ದು ಎಷ್ಟು ಮಿಲಿಸೆಕೆಂಡ್, ಯಾವ ಹಂತದಲ್ಲಿ, ಯಾವ ವಿಧಾನದಿಂದ ತುಂಬಿದ್ದು, ಅಳಿಸಿ ಅಳೆದಾಗ ಬಂದ ತಪ್ಪು ಎಷ್ಟು ಡಿಗ್ರಿ, ಎಷ್ಟು ಸೈಕಲ್ ಕೈಬಿಟ್ಟಿರಿ. ತುಂಬದ ಮೂಲ ಫೈಲ್‌ಗಳನ್ನು ಬೇರೆ ಫೋಲ್ಡರ್‌ನಲ್ಲಿ ಹಾಗೆಯೇ ಇಟ್ಟುಕೊಳ್ಳಿ, ವೈವಾದಲ್ಲಿ ಪರೀಕ್ಷಕರು ಕೇಳುವುದು ಅವನ್ನೇ.